ಕೂರುವುದು ಬೇರೆ, ಹೊಂದುವುದು ಬೇರೆ

ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದನ್ನು ಕಂಡವರಿಗೆ ಆ ನೋಟವನ್ನು ಚಿತ್ರದಲ್ಲಿ ಹಿಡಿದಿಡುವ ಆಸೆ ಹುಟ್ಟುವುದು ಸಹಜ. ಹುಕ್ಕೇರಿಯಲ್ಲೋ ಮೂಡಲಗಿಯಲ್ಲೋ ಬಾಗಿಲು ಮುಚ್ಚಿದ ಸ್ಟುಡಿಯೊ ಒಂದರ ಹಳೆಯ ಲೆನ್ಸು ಅಗ್ಗದ ಬೆಲೆಗೆ ದೊರೆಯಿತೆನ್ನಿ. ಅದು ನಿಮ್ಮ ಕ್ಯಾಮೆರಾಕ್ಕೆ ಹೊಂದುವುದೇ? ಮುಂಭಾಗದಲ್ಲಿ ಕೆತ್ತಿದ ಹೆಸರು ಇದಕ್ಕೆ ಉತ್ತರ ಹೇಳಲಾರದು. ಅದು ತಯಾರಕನ ಹೆಸರು. ಲೆನ್ಸಿನ ಕುಲಗೋತ್ರವಿರುವುದು ಹಿಂಭಾಗದ ಬಳೆಯಲ್ಲಿ. ಈ ಬಳೆಗೇ ಮೌಂಟ್ ಎಂದು ಹೆಸರು.

ಮೌಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಟ್ಟು-ಬೋಲ್ಟಿನಂತೆ ತಿರುಪಿ ಕೂರಿಸುವಂಥದು ಒಂದು. ಅಂಚಿನ ಕಿವಿಗಳನ್ನು ಕ್ಯಾಮೆರಾದ ಕಚ್ಚುಗಳಲ್ಲಿ ಇಳಿಸಿ, ಕೊಂಚ ಹೊರಳಿಸಿ ಬಿಗಿಯುವಂಥದು ಇನ್ನೊಂದು. ಇದನ್ನು ಬಯೊನೆಟ್ ಎನ್ನುವರು. 1959ರಲ್ಲಿ ಬಂದ ನಿಕಾನ್ ಎಫ್ ಈ ಬಗೆಯದು. ಅದರ ಹಳೆಯ ಲೆನ್ಸುಗಳನ್ನು ಅಪರ್ಚರ್ ಬಳೆಯ ಮೇಲಿನ ಕವಲೊಡೆದ ಲೋಹದ ಕೊಂಬಿನಿಂದ ಗುರುತಿಸಬಹುದು.

ತಿರುಪಿನ ಬಗೆಯಲ್ಲಿ ಹೆಚ್ಚು ಎಚ್ಚರ ಬೇಕು. ಪ್ರಾಕ್ಟಿಕಾ, ಪೆಂಟಾಕ್ಸ್, ಜೆನಿಟ್ ಕ್ಯಾಮೆರಾಗಳು ಬಳಸಿದ ಎಂ42 ತಿರುಪಿನ ವ್ಯಾಸ 42 ಮಿಲಿಮೀಟರ್. ಸುತ್ತಿನಿಂದ ಸುತ್ತಿಗೆ ಅಂತರ 1 ಮಿಲಿಮೀಟರ್. ಟಿ-ಮೌಂಟಿನ ವ್ಯಾಸವೂ 42; ಅಂತರ ಮಾತ್ರ 0.75. ಒಂದರಲ್ಲಿ ಇನ್ನೊಂದನ್ನು ತಿರುಪಿದರೆ ಸ್ವಲ್ಪ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಪ್ರಯೋಗಿಸಿದರೆ ಎರಡೂ ಕೆಟ್ಟವು. ಲೇತ್ ಕೆಲಸದವರ ಪಿಚ್ ಗೇಜನ್ನು ಲೆನ್ಸಿನ ತಿರುಪಿಗೆ ಹಿಡಿದು ನೋಡಿ. ಹಲ್ಲಿಗೆ ಹಲ್ಲು ಕೂಡಿದರೆ ಸಂದೇಹ ಪರಿಹಾರವಾಯಿತು.

ಇದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದುಂಟು. ಲೈಕಾದ ಹಳೆಯ ತಿರುಪೂ ಮೊದಮೊದಲಿನ ಜೆನಿಟ್ಟಿನ ತಿರುಪೂ 39 ಮಿಲಿಮೀಟರಿನವು. ಲೆನ್ಸು ಸಲೀಸಾಗಿ ಕೂರುತ್ತದೆ. ಆದರೆ ಮೌಂಟಿನಿಂದ ಫಿಲ್ಮಿಗೆ ಇರಬೇಕಾದ ದೂರ ಲೈಕಾದಲ್ಲಿ 28.8, ಜೆನಿಟ್ಟಿನಲ್ಲಿ 45.2 ಮಿಲಿಮೀಟರ್. ಲೈಕಾದ ಲೆನ್ಸನ್ನು ಜೆನಿಟ್ಟಿಗೆ ತೊಡಿಸಿದರೆ ಗೇಣು ದೂರದ ಹೂವು ಸ್ಪಷ್ಟ, ಜಲಪಾತವೆಲ್ಲ ಮಸುಕು! ಕತ್ತಲೆಕೋಣೆಯ ಎನ್‌ಲಾರ್ಜರ್ ಲೆನ್ಸುಗಳಲ್ಲಿ ಹಲವಕ್ಕೂ ಇದೇ 39ರ ತಿರುಪು; ಅವುಗಳಲ್ಲಿ ಫೋಕಸ್ ಹೊಂದಿಸುವ ಬಳೆಯೇ ಇರದು.

ಇಂದಿನ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಈ ದೂರ ಕಡಿಮೆ; ಸೋನಿ ಇ-ಮೌಂಟಿನಲ್ಲಿ 18 ಮಿಲಿಮೀಟರ್. ಎಂ42 ಲೆನ್ಸಿಗೆ ಬೇಕಾದದ್ದು 45.46. ಉಳಿದ 27.46 ಮಿಲಿಮೀಟರನ್ನು ನಡುವಿನ ಅಡಾಪ್ಟರ್ ಬಳೆ ತುಂಬಿಕೊಡುತ್ತದೆ. ಮೂಲೆ ಸೇರಿದ್ದ ಲೆನ್ಸು ಮತ್ತೆ ಕಣ್ಣು ತೆರೆಯುತ್ತದೆ.

ಆದುದರಿಂದ, ಕೇಳುಗರೇ, ಕೊಳ್ಳುವ ಮುನ್ನ ಲೆನ್ಸಿನ ಬೆನ್ನು ನೋಡಿ, ಅಳೆಯಿರಿ. ತೊಡಿಸಿದ ಬಳಿಕ ದೂರದ ಗುಡ್ಡವೊಂದನ್ನು ನೋಡಿ. ಅದು ನಿಚ್ಚಳವಾಗಿ ಕಂಡರೆ ಮಾತ್ರ ಸಂಬಂಧ ಕೂಡಿತೆನ್ನಬೇಕು.