ಅರ್ಜಿಯ ಹೊಸ್ತಿಲು ದಾಟಲಾಗದವರು

ಸುಮಾರು 25 ವರ್ಷಗಳ ಹಿಂದಿನ ಮಾತು. ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದ ನಾನು, ಗ್ರಾಮೀಣ ಸಂಘಗಳಿಗೆ ಅನುದಾನ ಮಂಜೂರು ಮಾಡುವ ಸಮಿತಿಯೊಂದರ ಸದಸ್ಯನೂ ಆಗಿದ್ದೆ. ಒಂದು ಸಭೆಗೆ ಬಂದ ಅರ್ಜಿಗಳಲ್ಲಿ ಒಂದು ನಾಲ್ಕು ಗೆರೆಹಾಳೆಗಳ ಮೇಲೆ ಕನ್ನಡದಲ್ಲಿ ಬರೆದದ್ದಾಗಿತ್ತು. ಹಳ್ಳಿಯೊಂದರ ಮಹಿಳೆಯರು ಜೋಳ, ನವಣೆ, ಸಾಮೆಗಳ ನಾಟಿ ಬಿತ್ತನೆ ಬೀಜವನ್ನು ಸಂಗ್ರಹಿಸಿಡಲು ಒಂದು ಕೋಣೆ ಮತ್ತು ಒಂದಿಷ್ಟು ಡಬ್ಬಿಗಳಿಗಾಗಿ 18 ಸಾವಿರ ರೂಪಾಯಿ ಕೇಳಿದ್ದರು. ಯಾವ ತಳಿ ಯಾವ ಹೊಲಕ್ಕೆ ಒಗ್ಗುತ್ತದೆ, ಬೀಜ ಒಯ್ದವರು ಸುಗ್ಗಿಯಲ್ಲಿ ಎಷ್ಟು ಹಿಂದಿರುಗಿಸಬೇಕು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ನಿಗದಿತ ಇಂಗ್ಲಿಷ್ ನಮೂನೆ ಇರಲಿಲ್ಲ. ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿಯೂ ಇರಲಿಲ್ಲ. ಕಡತದಲ್ಲಿ 'ಅಪೂರ್ಣ' ಎಂಬ ಷರಾ ಬಿತ್ತು. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅದೇ ಸಭೆಯಲ್ಲಿ, ನಗರದ ಸಂಸ್ಥೆಯೊಂದು ಅಂದವಾಗಿ ಬೈಂಡು ಮಾಡಿಸಿ ಕಳುಹಿಸಿದ್ದ ಯೋಜನಾ ವರದಿಗೆ ಮಂಜೂರಾತಿ ದೊರೆಯಿತು.

ನಿಯಮದ ದೃಷ್ಟಿಯಿಂದ ನಾವು ತಪ್ಪು ಮಾಡಿರಲಿಲ್ಲ. ಆದರೂ ಆ ನಾಲ್ಕು ಹಾಳೆಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕೃಷಿ ಹಾಗೂ ಗ್ರಾಮೀಣಾಭಿವೃದ್ಧಿಗೆ ಹಣವಿಲ್ಲ ಎಂಬ ದೂರು ಇಂದು ಪೂರ್ಣ ಸತ್ಯವಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಕೋಟಿ ರೂಪಾಯಿ ಸಾಲದ ಗುರಿಯ ಕೃಷಿ ಮೂಲಸೌಕರ್ಯ ನಿಧಿಯನ್ನು ಪ್ರಕಟಿಸಿತು. ಎರಡು ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಅದರ ಮುಖ್ಯ ಅಂಶ. ಅದೇ ವರ್ಷ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನದ ಯೋಜನೆ ಬಂತು. ಕೃಷಿ ಪದವೀಧರರಿಗೆ ತರಬೇತಿ ನೀಡಿ ಸ್ವಂತ ಸೇವಾಕೇಂದ್ರ ತೆರೆಯಲು ನೆರವಾಗುವ ಕಾರ್ಯಕ್ರಮವು 2002ರಲ್ಲೇ ಆರಂಭವಾಗಿತ್ತು. ಹೊಸ ಕೃಷಿ ಉದ್ಯಮಗಳನ್ನು ಪೋಷಿಸುವ ಕೇಂದ್ರವೊಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಗ್ರಾಮೀಣಾಭಿವೃದ್ಧಿ ಆ ಪಟ್ಟಿಯಲ್ಲಿದೆ.

ಹಾಗಾದರೆ ತೊಡಕೆಲ್ಲಿದೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹೊಳೆಯುವ ಉತ್ತರ ಸರಳವಾದುದು. ಅರ್ಜಿ ಸಲ್ಲಿಸುವುದಕ್ಕೂ ಒಂದು ವೆಚ್ಚವಿದೆ. ಯೋಜನಾ ವರದಿ, ದೃಢೀಕರಣ, ತಾಲ್ಲೂಕು ಕಚೇರಿಗೆ ಅಲೆದಾಟ, ಕಳೆದುಹೋಗುವ ಕೂಲಿ ಎಲ್ಲವೂ ಅದರಲ್ಲಿ ಸೇರುತ್ತವೆ. ಕೇಳುವ ಮೊತ್ತ ಎರಡು ಲಕ್ಷವಾಗಲಿ, ಎರಡು ಕೋಟಿಯಾಗಲಿ, ಈ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ದೊಡ್ಡವರಿಗೆ ಅದು ಲೆಕ್ಕಕ್ಕೇ ಬಾರದು. ಸಣ್ಣವರಿಗೆ ಅದೇ ಅಡ್ಡಗೋಡೆ.

ಇದರ ಮೇಲೆ ಇನ್ನೂ ಕೆಲವು ತಡೆಗಳಿವೆ. ಮೇಲೆ ಹೇಳಿದ ಯೋಜನೆಗಳಲ್ಲಿ ಹಲವು ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡಿವೆ. ಮೊದಲು ಸಾಲ, ಅನಂತರ ಸಹಾಯಧನ. ಬ್ಯಾಂಕಿನ ಬಾಗಿಲಲ್ಲೇ ನಿಂತವನಿಗೆ ಸಹಾಯಧನವೂ ಇಲ್ಲ. ಕಂಪನಿಗಳ ನೆರವನ್ನು ಬಳಸುವ ಸಂಸ್ಥೆಗಳು ನೋಂದಾಯಿತವಾಗಿರಬೇಕು. ಸಾಮಾನ್ಯವಾಗಿ ಕನಿಷ್ಠ ಮೂರು ವರ್ಷಗಳ ಅನುಭವವನ್ನೂ ತೋರಿಸಬೇಕು. ನಿನ್ನೆ ಮೊನ್ನೆ ಒಗ್ಗೂಡಿದ ಮಹಿಳೆಯರ ಗುಂಪು ಅದನ್ನು ಎಲ್ಲಿಂದ ತರಬೇಕು? ಇನ್ನು ಕಾಲದ ಪ್ರಶ್ನೆ. ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಮಾರ್ಗಸೂಚಿಗಳು ಕೈಸೇರುವ ಹೊತ್ತಿಗೆ ರೈತ ಮೃಗಶಿರ ಮಳೆಯ ಬಿತ್ತನೆಯಲ್ಲಿ ತೊಡಗಿರುತ್ತಾನೆ. ಮಾರ್ಚ್ ಬಂತೆಂದರೆ ಹಣ ಖರ್ಚು ಮಾಡುವ ಧಾವಂತ. ಆಗ ಕಡತ ಸಿದ್ಧವಿಟ್ಟುಕೊಂಡವರೇ ಫಲಾನುಭವಿಗಳು. ಈ ಧಾವಂತದಲ್ಲಿ ನಾನೂ ಪಾಲ್ಗೊಂಡಿದ್ದೇನೆ.

ಫೆಲೋಶಿಪ್‌ಗಳ ವಿಷಯದಲ್ಲೂ ಇಂಥದೇ ಓರೆ ಕಾಣುತ್ತದೆ. 2011ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಆರಂಭಿಸಿದ ಯುವ ಫೆಲೋಶಿಪ್ ಪದವೀಧರರನ್ನು 13 ತಿಂಗಳ ಕಾಲ ಹಳ್ಳಿಗಳಿಗೆ ಕಳುಹಿಸುತ್ತದೆ. ನಕ್ಸಲ್‌ಪೀಡಿತ ಜಿಲ್ಲೆಗಳ ಆಡಳಿತಕ್ಕೆ ಯುವಜನರ ನೆರವು ಒದಗಿಸಲು 2012ರಲ್ಲಿ ಪ್ರಧಾನಮಂತ್ರಿ ಗ್ರಾಮೀಣಾಭಿವೃದ್ಧಿ ಫೆಲೋಗಳ ಮೊದಲ ತಂಡ ಹೊರಟಿತು. ಇಂಥ ತರುಣರ ಶ್ರದ್ಧೆಯನ್ನು ಹತ್ತಿರದಿಂದ ಕಂಡಿದ್ದೇನೆ; ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಈ ಬಗೆಯ ಯೋಜನೆಗಳ ಕಲ್ಪನೆ ಒಂದೇ: ಓದಿದವರು ಹೊರಗಿನಿಂದ ಹಳ್ಳಿಗೆ ಹೋಗಬೇಕು. ಹಳ್ಳಿಯಲ್ಲೇ ಉಳಿದು, ಪದವಿ ಮುಗಿಸಿ, ಅಪ್ಪನ ಮೂರು ಎಕರೆಯಲ್ಲಿ ಏನನ್ನಾದರೂ ಹೊಸತಾಗಿ ಮಾಡಲು ಹೊರಟ ತರುಣಿಗೆ ಒಂದು ವರ್ಷದ ಜೀವನಾಧಾರ ಕೊಡುವ ಏರ್ಪಾಡು ವಿರಳ. ಊರನ್ನು ಬಲ್ಲವರಿಗೇ ಊರಿನ ಕೆಲಸಕ್ಕೆ ಸಂಭಾವನೆ ಇಲ್ಲವೆಂದರೆ ಅವರು ಬೆಂಗಳೂರಿನ ಬಸ್ಸು ಹತ್ತದೆ ಇನ್ನೇನು ಮಾಡಿಯಾರು?

ನಮೂನೆಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಲೆಕ್ಕ ಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರ ಬರೆದು ದಣಿದ ಅಧಿಕಾರಿಗೆ ನಿಯಮ ಪುಸ್ತಕ ರಕ್ಷಾಕವಚವೂ ಹೌದು. ಹೆಸರಿಗಷ್ಟೇ ಇರುವ ಸಂಘಗಳು ಅನುದಾನ ನುಂಗಿದ ಪ್ರಕರಣಗಳನ್ನೂ ನೋಡಿದ್ದೇನೆ. ಅವುಗಳ ಕಡತಗಳು ಸಾಮಾನ್ಯವಾಗಿ ಅತ್ಯಂತ ಅಚ್ಚುಕಟ್ಟಾಗಿದ್ದವು ಎಂಬುದನ್ನೂ ಹೇಳಲೇಬೇಕು. ಕಾಗದದ ಪೂರ್ಣತೆ ಬೇರೆ, ಕೆಲಸದ ಪ್ರಾಮಾಣಿಕತೆ ಬೇರೆ.

ಬೇರೆ ದಾರಿ ಇದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವುಂಟು. 2021ರಲ್ಲಿ ಜಾರಿಗೆ ಬಂದ ರೈತ ವಿದ್ಯಾನಿಧಿಯಲ್ಲಿ ರೈತರ ನೋಂದಣಿ ಸಂಖ್ಯೆಯನ್ನು ವಿದ್ಯಾರ್ಥಿವೇತನದ ದತ್ತಾಂಶದೊಂದಿಗೆ ಜೋಡಿಸಿ, 2,500ರಿಂದ 11,000 ರೂಪಾಯಿವರೆಗಿನ ವಾರ್ಷಿಕ ನೆರವನ್ನು ನೇರವಾಗಿ ಖಾತೆಗೆ ಹಾಕಲಾಯಿತು. ಜಮೀನಿಲ್ಲದವರ ಮಕ್ಕಳು ಆರಂಭದಲ್ಲಿ ಹೊರಗುಳಿದದ್ದು ಅದರ ಕೊರತೆ. ಮರುವರ್ಷ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿ ಅದನ್ನು ಸರಿಪಡಿಸಲು ಯತ್ನಿಸಲಾಯಿತು. ಅರ್ಹರನ್ನು ಹುಡುಕುವ ಹೊಣೆ ಸರ್ಕಾರದ್ದೆಂದು ಒಪ್ಪಿಕೊಂಡರೆ ದಾಖಲೆಗಳ ಭಾರ ಎಷ್ಟು ತಗ್ಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಎಲ್ಲ ಯೋಜನೆಗಳನ್ನೂ ಹೀಗೆ ನಡೆಸಲಾಗದು, ನಿಜ. ಆದರೆ ಮೊದಲ ಹಂತದ ಅರ್ಜಿ ಕನ್ನಡದಲ್ಲಿ ಎರಡೇ ಪುಟಗಳಿಗೆ ಸೀಮಿತವಾಗಲಿ. ವಿಚಾರ ಒಪ್ಪಿಗೆಯಾದ ಮೇಲೆ ವಿವರವಾದ ವರದಿ ಸಿದ್ಧಪಡಿಸಲು ಹಣ ಕೊಡುವವರೇ ನೆರವಾಗಲಿ. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ, ಗೊಬ್ಬರದ ಮಾಹಿತಿಯಂತೆ ಅನುದಾನ, ಫೆಲೋಶಿಪ್‌ಗಳ ಮಾಹಿತಿಯೂ ಸಿಗುವಂತಾಗಲಿ. ಪ್ರತಿ ಫೆಲೋಶಿಪ್‌ನಲ್ಲೂ ಒಂದು ಪಾಲು ಸ್ಥಳೀಯ ಯುವಜನರಿಗೆ ಮೀಸಲಿರಲಿ. ಕೊನೆಯದಾಗಿ, ತಿರಸ್ಕರಿಸಿದ ಅರ್ಜಿಗೆ ಕಾರಣವನ್ನೂ ಸರಿಪಡಿಸುವ ಬಗೆಯನ್ನೂ ತಿಳಿಸಿ ಉತ್ತರ ಬರೆಯುವುದು ಕಡ್ಡಾಯವಾಗಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಹಳ್ಳಿಯವರು ನಮ್ಮಂಥವರನ್ನು ನೋಡಿಯೇ ಬಳಸುತ್ತಿದ್ದರೇನೋ. ಆ ಮಹಿಳೆಯರಿಗೆ ನಾವು ಉತ್ತರ ಬರೆಯಲಿಲ್ಲ. ಅವರು ಮತ್ತೆ ಅರ್ಜಿ ಹಾಕಿದರೇ, ಅವರ ಬೀಜ ಉಳಿಯಿತೇ ಎಂದು ನಾನೂ ವಿಚಾರಿಸಲಿಲ್ಲ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಇಂದು ಅದೇ ಕುರ್ಚಿಯಲ್ಲಿ ಕುಳಿತಿರುವವರು 'ಅಪೂರ್ಣ' ಎಂದು ಬರೆಯುವ ಮುನ್ನ, ಕೊರತೆ ಅರ್ಜಿಯಲ್ಲಿದೆಯೋ ನಮೂನೆಯಲ್ಲಿದೆಯೋ ಎಂದು ಒಮ್ಮೆ ಪರಿಶೀಲಿಸಲಿ.