ತಗರದಿಂದ ಬಂದವರು ಕಟ್ಟಿದ ಗುಡಿ

ಕಲ್ಯಾಣ ದಾಟಿ ಕರ್ಜತ್ ಕಡೆ ಹೊರಟ ಲೋಕಲ್ ವಿಠ್ಠಲವಾಡಿ, ಉಲ್ಲಾಸನಗರ ಕಳೆದು ಅಂಬರನಾಥದಲ್ಲಿ ನಿಲ್ಲುತ್ತದೆ. ಪೂರ್ವದ ಕಡೆ ಇಳಿದು ರಿಕ್ಷಾ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ವಾಲಧುನಿ ಹೊಳೆಯ ದಂಡೆ. ಸುತ್ತ ಕಟ್ಟಡಗಳು, ಅಂಗಡಿಗಳು, ಕಾರ್ಖಾನೆ ಊರಿನ ಗಡಿಬಿಡಿ. ನಡುವೆ, ರಸ್ತೆಗಿಂತ ತುಸು ತಗ್ಗಿನಲ್ಲಿ, ಕಪ್ಪುಕಲ್ಲಿನ ಶಿವಾಲಯ. ಕ್ರಿ.ಶ. 1060ರದ್ದು. ಡೊಂಬಿವಲಿ, ಕಲ್ಯಾಣಗಳಲ್ಲಿ ಎರಡು ಮೂರು ತಲೆಮಾರಿನಿಂದ ಇರುವ ಕನ್ನಡ ಮನೆಗಳವರು ಶಿವರಾತ್ರಿಯ ಜಾತ್ರೆಗೆ ಇಲ್ಲಿಗೆ ಬಂದಿರುತ್ತಾರೆ, ಸಾಲಿನಲ್ಲಿ ನಿಂತು ಕೈಮುಗಿದು ಹೋಗಿರುತ್ತಾರೆ. ಗೋಡೆಯನ್ನು ನಿಧಾನವಾಗಿ ನೋಡಿದವರು ಕಡಿಮೆ. ಇದನ್ನು ಕಟ್ಟಿಸಿದವರಿಗೂ ಕನ್ನಡ ನಾಡಿಗೂ ಇದ್ದ ನಂಟು ತಿಳಿದವರು ಇನ್ನೂ ಕಡಿಮೆ.

ಜನಜಂಗುಳಿಯಿಲ್ಲದ ಬೆಳಗ್ಗೆ ಹೋಗಬೇಕು. ಗುಡಿಯ ಮುಖ ಪಶ್ಚಿಮಕ್ಕೆ. ಮಂಟಪಕ್ಕೆ ಮೂರು ಕಡೆ ಮುಖಮಂಟಪಗಳು. ಒಳಗೆ ನಾಲ್ಕು ಕಂಬಗಳ ಕೆತ್ತನೆ ನೋಡುತ್ತ ನಿಂತರೆ ಕಣ್ಣು ತಾನಾಗಿ ಮೇಲಿನ ಛತ್ತಿಗೆ ಏರುತ್ತದೆ. ಗರ್ಭಗುಡಿಗೆ ಮಾತ್ರ ಏರುವುದಲ್ಲ, ಇಳಿಯುವುದು: ಇಪ್ಪತ್ತರಷ್ಟು ಮೆಟ್ಟಿಲು ಕೆಳಗೆ, ತಂಪು ನೆಲದಲ್ಲಿ ಲಿಂಗ. ಮೇಲಿನ ಶಿಖರದ ತುದಿ ಈಗ ಇಲ್ಲ. ಉಳಿದ ಭಾಗದಲ್ಲಿ ಪುಟ್ಟ ಪುಟ್ಟ ಶಿಖರಗಳು ಸಾಲುಗಟ್ಟಿ ಮೇಲಕ್ಕೆ ಹತ್ತುತ್ತವೆ. ಭೂಮಿಜ ಎಂದು ಕರೆಯುವ ಶೈಲಿ ಇದು; ನಾಸಿಕ್ ಹತ್ತಿರದ ಸಿನ್ನರದ ಗೊಂದೇಶ್ವರ ಗುಡಿಯೂ ಇದೇ ಬಗೆಯದು. ಹೊರಗೋಡೆಯಲ್ಲಿ ಶಿವನ ಹಲವು ರೂಪಗಳು, ಬ್ರಹ್ಮ, ದೇವಿಯರು, ನರ್ತಕಿಯರು. ಗೋಡೆ ನೇರವಾಗಿಲ್ಲ, ಮಡಿಕೆ ಮಡಿಕೆಯಾಗಿ ಮುಂದೆ ಬಂದು ಹಿಂದೆ ಸರಿಯುತ್ತದೆ. ಅದರಿಂದಾಗಿ ಬಿಸಿಲು ಏರಿದ ಹಾಗೆ ಒಂದು ಮೂರ್ತಿ ಬೆಳಕಿಗೆ ಬಂದರೆ ಪಕ್ಕದ್ದು ನೆರಳಿಗೆ ಹೋಗುತ್ತದೆ. 1868ರಲ್ಲಿ ಮುಂಬೈ ಕಲಾಶಾಲೆಯ ತಂಡವೊಂದು ಇಲ್ಲಿ ಉಳಿದು ಈ ಕೆತ್ತನೆಗಳ ಚಿತ್ರ ಬರೆದು ಅಚ್ಚು ತೆಗೆದಿತ್ತು. ಈಗ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆದರೂ ಮಳೆ, ಹೊಗೆ, ಹೊಳೆಯ ಕೊಳಕು ನೀರು ಕಲ್ಲನ್ನು ತಿನ್ನುತ್ತಲೇ ಇವೆ. ಮಕ್ಕಳನ್ನು ಈಗಲೇ ಕರೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ನಾನು ಕರೆದುಕೊಂಡು ಹೋದದ್ದು ಮಗಳನ್ನು. ಅವಳ ಶಾಲೆಯಲ್ಲಿ ‘ನಮ್ಮ ಮನೆತನದ ಪರಂಪರೆ’ ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ಪರಂಪರೆ ಎಂದರೆ ಊರು, ಊರಿನ ತರವಾಡು ಮನೆ, ದೈವದ ಕೋಲ. ಅವೆಲ್ಲ ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಹೋದಾಗ ಸಿಗುವಂಥವು ಎಂದು ಅವಳ ಲೆಕ್ಕ. ಮುಂಬೈಯ ಸುತ್ತಮುತ್ತ ಬೆಳೆದ ನಮ್ಮ ಮಕ್ಕಳಿಗೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕ. ಇಲ್ಲಿರುವುದು ಹೊಟ್ಟೆಪಾಡು, ಅಲ್ಲಿರುವುದು ಬೇರು. ಒಂದು ಭಾನುವಾರ ಅಂಬರನಾಥ, ಠಾಣೆ ಎರಡನ್ನೂ ಸುತ್ತಿಸಿದರೆ ಆ ಲೆಕ್ಕ ಬದಲಾದೀತು ಎಂಬ ಆಸೆ ನನ್ನದು.

ಗುಡಿಯ ಉತ್ತರ ಬಾಗಿಲ ಒಳಗಡೆ, ಮೇಲಿನ ತೊಲೆಯಲ್ಲಿ ಶಾಸನವಿದೆ. ಶಕವರ್ಷ 982, ಅರಸ ಮುಮ್ಮುಣಿ. ಮೊದಲು ವಿದ್ವಾಂಸ ಭಾವು ದಾಜಿ ಆ ಅಂಕಿಯನ್ನು 782 ಎಂದು ಓದಿದ್ದರು, ಆಮೇಲೆ ಭಗವಾನ್‌ಲಾಲ್ ಇಂದ್ರಜಿ ಅದನ್ನು 982 ಎಂದು ತಿದ್ದಿದರು. ಕಟ್ಟಡದ ಕೆಲಸ ಶುರುವಾದದ್ದು ಮುಮ್ಮುಣಿಯ ಅಣ್ಣ ಛಿತ್ತರಾಜನ ಕಾಲದಲ್ಲಿ ಎಂಬುದು ವಿದ್ವಾಂಸರ ಅಭಿಪ್ರಾಯ. ಇವರು ಠಾಣೆಯಿಂದ ಆಳಿದ ಉತ್ತರ ಕೊಂಕಣದ ಶಿಲಾಹಾರರು. ಅದೇ ಹೆಸರಿನ ಇನ್ನೊಂದು ಶಾಖೆ ದಕ್ಷಿಣ ಕೊಂಕಣದಲ್ಲಿತ್ತು, ಮೂರನೆಯದು ಕೊಲ್ಹಾಪುರದಲ್ಲಿ. ಕೊಲ್ಹಾಪುರದವರು ಕನ್ನಡದಲ್ಲೇ ಶಾಸನ ಬರೆಸಿದವರು. ಬಾಗಲಕೋಟೆ ಜಿಲ್ಲೆಯ ತೇರದಾಳದವರೆಗೆ ಅವರ ಕಾಲದ ಶಾಸನಗಳಿವೆ. ಠಾಣೆಯವರ ತಾಮ್ರಪಟಗಳ ಭಾಷೆ ಸಂಸ್ಕೃತ. ಆದರೆ ಬಿರುದುಗಳ ನಡುವೆ ‘ಮಲಗಲಗಂಡ’ನಂಥ ಕನ್ನಡದ ಗಂಡುಬಿರುದು ತಲೆಯೆತ್ತುತ್ತದೆ.

ಮೂರೂ ಶಾಖೆಯವರು ತಪ್ಪದೆ ಹೇಳಿಕೊಂಡ ಹಿರಿಮೆ ಒಂದೇ: ನಾವು ತಗರಪುರದ ಒಡೆಯರು. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ಘಟ್ಟದ ಮೇಲಿನ, ಕಡಲಿಂದ ಬಹುದೂರದ ಹಳೆಯ ವ್ಯಾಪಾರದ ಊರು. ಠಾಣೆಯ ಅರಸರು ಅದನ್ನು ಆಳುತ್ತಿರಲಿಲ್ಲ. ಆದರೂ ತಲೆಮಾರು ಕಳೆದರೂ ತಾಮ್ರಪಟದಲ್ಲಿ ಆ ಹೆಸರು ಬಿಡಲಿಲ್ಲ.

ಇದನ್ನು ಕೇಳಿದ ಮಗಳು ಕೂಡಲೇ ಅಂದಳು: “ಹಾಗಾದ್ರೆ ಅವ್ರೂ ನಮ್ಮ ಹಾಗೇ ಪಪ್ಪ! ಅಜ್ಜನ ಹೆಸರಿನ ಮುಂದೆ ಊರಿನ ಹೆಸರಿತ್ತಲ್ಲ.”

ಇತ್ತು. ಮುಂಬೈಯ ಕರಾವಳಿ ಕನ್ನಡಿಗರ, ತುಳುವರ ಯಾವುದೇ ಆಮಂತ್ರಣ ಪತ್ರಿಕೆ ತೆಗೆದು ನೋಡಿ: ಪ್ರತಿ ಹೆಸರಿನ ಮುಂದೆ ಒಂದು ಹಳ್ಳಿ, ಒಂದು ಬೀಡು, ಒಂದು ಗುತ್ತು. ಐವತ್ತು ವರ್ಷದಿಂದ ಡೊಂಬಿವಲಿಯಲ್ಲೇ ಇದ್ದವರೂ ಊರಿನ ಹೆಸರನ್ನು ಮುಂದೆ ಇಟ್ಟುಕೊಂಡೇ ಕರೆಸಿಕೊಳ್ಳುತ್ತಾರೆ. ಸಾವಿರ ವರ್ಷದ ಹಿಂದೆ ಈ ನೆಲಕ್ಕೆ ಬಂದು ನೆಲೆ ನಿಂತವರೂ ಅದನ್ನೇ ಮಾಡಿದ್ದರು ಎಂಬುದನ್ನು ಒಂದು ಮಗು ತಾನಾಗಿ ಕಂಡುಕೊಂಡ ಗಳಿಗೆಗಾಗಿಯೇ ಈ ತಿರುಗಾಟ ಮಾಡಬಹುದು.

ಶಿಲಾಹಾರರು ಇಲ್ಲಿಗೆ ಬಂದದ್ದು ರಾಷ್ಟ್ರಕೂಟರ ಸಾಮಂತರಾಗಿ, ಕ್ರಿ.ಶ. 800ರ ಆಸುಪಾಸಿನಲ್ಲಿ. ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರು ಎಂದುಕೊಂಡರು. ಅದು ಇಂದಿನ ಲಾತೂರು, ತೇರಕ್ಕೆ ನೆರೆಯ ಊರು. ಆಳಿದ್ದು ಕಲಬುರಗಿ ಜಿಲ್ಲೆಯ ಮಳಖೇಡದಿಂದ. ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ 9ನೇ ಶತಮಾನದ ಶಾಸನಗಳಿವೆ. ಶಿಲಾಹಾರ ಪುಲ್ಲಶಕ್ತಿ, ಅವನ ಮಗ ಕಪರ್ದಿ ಇಬ್ಬರೂ ತಮ್ಮ ಮೇಲಿನ ಚಕ್ರವರ್ತಿ ಎಂದು ಹೆಸರಿಸುವುದು ಅಮೋಘವರ್ಷನನ್ನು, ನಮ್ಮ ನೃಪತುಂಗನನ್ನು. ಒಂದರಲ್ಲಿ ಗೌಡದೇಶದ, ಅಂದರೆ ಬಂಗಾಳದ ಬೌದ್ಧ ಭಕ್ತನೊಬ್ಬ ಭಿಕ್ಷುಗಳಿಗಾಗಿ 100 ದ್ರಮ್ಮ ನಾಣ್ಯ ಕೊಟ್ಟ ಸಂಗತಿಯಿದೆ. ಬಂಗಾಳದ ದಾನಿ, ಬೌದ್ಧ ವಿಹಾರ, ಮಳಖೇಡದ ಚಕ್ರವರ್ತಿ, ತಗರದ ಸಾಮಂತ. ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲೇ ಈ ನೆಲ ಹೀಗೆ ಹಲವರದ್ದಾಗಿತ್ತು.

ಮಧ್ಯಾಹ್ನ ಠಾಣೆಗೆ ಬಂದೆವು. (ಭಾನುವಾರ ಹೊರಡುವವರು ಮಧ್ಯ ರೈಲ್ವೆಯ ಮೆಗಾ ಬ್ಲಾಕ್ ಎಲ್ಲಿ, ಎಷ್ಟು ಹೊತ್ತು ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.) 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ತಲುಪಿದ ಊರು ಇದು, ಮರುವರ್ಷ ಹಳಿ ಕಲ್ಯಾಣದವರೆಗೆ ಹೋಯಿತು. ಮಸುಂದಾ ಕೆರೆಯ ದಂಡೆಯ ಕೌಪೀನೇಶ್ವರ ಗುಡಿಯಲ್ಲಿ ದೊಡ್ಡ ಲಿಂಗದ ದರ್ಶನ ಮಾಡಿದೆವು. ಈಗಿನ ಕಟ್ಟಡ ಮರಾಠರ ಕಾಲದ್ದು, 1760ರ ಜೀರ್ಣೋದ್ಧಾರ.

ಮಗಳಿಗೆ ನಾನು ತೋರಿಸಬೇಕೆಂದಿದ್ದದ್ದು ಕೋಟೆಯನ್ನು. ಅದೀಗ ಠಾಣೆಯ ಕೇಂದ್ರ ಕಾರಾಗೃಹ. ಹೊರಗಿನ ರಸ್ತೆಯಿಂದ ಗೋಡೆ ಮಾತ್ರ ಕಾಣುತ್ತದೆ, ಅಷ್ಟೇ ಸಾಕು. 1787ರಲ್ಲಿ ಈ ಕೋಟೆಯೊಳಗೆ ಅಡಿಪಾಯ ಅಗೆಯುತ್ತಿದ್ದಾಗ ತಾಮ್ರಪಟಗಳು ಸಿಕ್ಕವು: ಶಿಲಾಹಾರ ಅರಿಕೇಸರಿ 1017ರಲ್ಲಿ ಕೊಟ್ಟ ದಾನಪತ್ರ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ತನ್ನ ಸಂಶೋಧನಾ ಗ್ರಂಥದ ಮೊದಲ ಸಂಪುಟದಲ್ಲೇ ಅದನ್ನು ಅಚ್ಚು ಹಾಕಿತು. ಈ ದೇಶದ ಶಾಸನಗಳನ್ನು ಓದುವ ವಿದ್ಯೆ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲೇ ಠಾಣೆಯ ಈ ಪಟಗಳು ಅದಕ್ಕೆ ಸಿಕ್ಕಿದ್ದವು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನ ಇನ್ನೊಂದು ಪಟ. ಭಿವಂಡಿ ಕಡೆಯ ಭಾದಾಣೆಯ ಶಾಸನ. 997ರಲ್ಲಿ ಅರಿಕೇಸರಿಯ ತಂದೆ ಅಪರಾಜಿತ ಆ ಹಳ್ಳಿಯನ್ನು ಲೋಣಾದಿತ್ಯನೆಂಬ ಸೂರ್ಯದೇವರ ಪೂಜೆಗೆ ಬಿಟ್ಟುಕೊಟ್ಟ. ಅಷ್ಟು ಹೊತ್ತಿಗೆ ರಾಷ್ಟ್ರಕೂಟರು ಇರಲಿಲ್ಲ. 973ರಲ್ಲೇ ಚಾಲುಕ್ಯ ತೈಲಪ ಕೊನೆಯ ಅರಸ ಕಕ್ಕಲನನ್ನು ಸೋಲಿಸಿ ರಾಜ್ಯ ಕಿತ್ತುಕೊಂಡಿದ್ದ. ಸಾಮಾನ್ಯವಾಗಿ ಸಾಮಂತರು ಏನು ಮಾಡುತ್ತಾರೆ? ಗೆದ್ದವನ ಹೆಸರು ಬರೆಸುತ್ತಾರೆ, ಇಲ್ಲವೇ ತಮ್ಮದೊಂದೇ ಹೆಸರು ಬರೆಸುತ್ತಾರೆ. ಅಪರಾಜಿತ ಹಾಗೆ ಮಾಡಲಿಲ್ಲ. ತನ್ನ ವಂಶದ ಕತೆಗಿಂತ ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನು ಪೂರ್ತಿ ಬರೆಸಿದ. ಕಕ್ಕಲನ ಸೋಲನ್ನೂ, ಆ ರಟ್ಟರ, ಅಂದರೆ ರಾಷ್ಟ್ರಕೂಟರ, ರಾಜ್ಯ ಈಗ ಅಳಿದುಹೋಗಿದೆ ಎಂಬುದನ್ನೂ ದುಃಖದಿಂದ ದಾಖಲಿಸಿದ. ಗೆದ್ದ ತೈಲಪನಿಗೆ ತಲೆಬಾಗಲಿಲ್ಲ. ಬಿದ್ದುಹೋದ ಮನೆಯೊಂದರ ಹಿರಿಯರ ಹೆಸರನ್ನು, ಅದರಿಂದ ಯಾವ ಲಾಭವೂ ಇಲ್ಲದಿದ್ದಾಗ, ತಾಮ್ರದಲ್ಲಿ ಕೊರೆಸಿಟ್ಟ ಈ ಅರಸನನ್ನು ಕನ್ನಡಿಗರು ನೆನೆಯಬೇಕು. ಮಳಖೇಡದಿಂದ ಇಷ್ಟು ದೂರದ ಕಡಲ ದಂಡೆಯಲ್ಲಿ ನೃಪತುಂಗನ ಮನೆತನಕ್ಕಾಗಿ ಮರುಗಿದವನೊಬ್ಬನಿದ್ದ.

ಇದು ಕನ್ನಡಿಗರ ನೆಲವಾಗಿತ್ತು ಎಂದು ಹಕ್ಕು ಸಾಧಿಸಲು ಈ ಮಾತು ಎತ್ತುತ್ತಿಲ್ಲ. ಇದೇ ಶಿಲಾಹಾರರ ಕಾಲದ್ದು ಅಲಿಬಾಗ್ ಹತ್ತಿರದ ಆಕ್ಷಿಯ ಶಾಸನ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಮರಾಠಿಯ ಇನ್ನೊಂದು ಹಳೆಯ ಸಾಲು ಇರುವುದು ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಪಕ್ಕದಲ್ಲಿ. ಮಗಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಮರಾಠಿ ಗೆಳತಿ ಬೆಳಗೊಳಕ್ಕೆ ಹೋದರೆ ಅವಳಿಗೂ ಅಲ್ಲಿ ತನ್ನದೊಂದು ಕಲ್ಲು ಸಿಗುತ್ತದೆ.

ಇನ್ನು ಮಗಳ ಅಜ್ಜನ ಕತೆ. ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ಮುಂಬೈಗೆ ಬಂದ ಎಷ್ಟೋ ಕರಾವಳಿ ಹುಡುಗರಿಗೆ ಎಸ್ಸೆಸ್ಸಿ ದಾಟಿಸಿದ್ದು ರಾತ್ರಿಶಾಲೆಗಳೇ. ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ಬಾಡಿಗೆ ಕಡಿಮೆಯೆಂದು ಡೊಂಬಿವಲಿಗೆ ಬಂದರು. ಹೀಗೆ ಬಂದು ಸೇರಿದವರು ಕಟ್ಟಿಕೊಂಡದ್ದು ಡೊಂಬಿವಲಿಯ ಕರ್ನಾಟಕ ಸಂಘ. ಅದು ನಡೆಸುವ ಮಂಜುನಾಥ ವಿದ್ಯಾಲಯದ ಮುಂದೆ ಸಂಜೆ ಮಗಳನ್ನು ನಿಲ್ಲಿಸಿದೆ. ರಜೆಯಾದ್ದರಿಂದ ಗೇಟು ಮುಚ್ಚಿತ್ತು. ಹೊಸ ಮುಂಬೈಯಲ್ಲಿ ವಾಶಿಯ ಕನ್ನಡ ಭವನ, ಜುಯಿನಗರದ ಬಂಟ್ಸ್ ಸೆಂಟರ್ ಹುಟ್ಟಿದ್ದು ಆಮೇಲೆ, ಮುಂದಿನ ತಲೆಮಾರಿನ ಕೈಯಿಂದ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ತಿರುಗಾಟವಿಲ್ಲದಾಗ ಯಕ್ಷಗಾನದ ಕಲಾವಿದರು ಮುಂಬೈಗೆ ಬರುತ್ತಾರೆ. ಚೆಂಡೆಯ ಸದ್ದನ್ನು ನಮ್ಮ ಮಕ್ಕಳು ಮೊದಲು ಕೇಳುವುದು ಇಂಥ ಸಭಾಗೃಹಗಳಲ್ಲೇ.

ಪ್ರಾಜೆಕ್ಟಿನಲ್ಲಿ ಅಜ್ಜನ ರಾತ್ರಿಶಾಲೆಯ ಸರ್ಟಿಫಿಕೇಟಿನ ಝೆರಾಕ್ಸ್ ಇದೆ, ಅಂಬರನಾಥದ ಗೋಡೆಯ ಫೋಟೊಗಳಿವೆ. ಲೋನಾಡ್ ಮಾತ್ರ ಬಾಕಿ. ಅಪರಾಜಿತ ಹಳ್ಳಿ ಬಿಟ್ಟುಕೊಟ್ಟ ಆ ಸೂರ್ಯದೇವರ ಊರು ಅದೇ. ಕಲ್ಯಾಣ, ಭಿವಂಡಿ ಎರಡೂ ಕಡೆಯಿಂದ ರಸ್ತೆಯಿದೆ, ಗುಹೆಯೂ ಪಾಳುಬಿದ್ದ ಶಿವಾಲಯವೂ ಇವೆ. ಮಳೆ ನಿಂತ ಮೇಲೆ ಹೋಗುವುದೆಂದು ಗೊತ್ತಾಗಿದೆ. ಮಗಳು ಆ ಮರಾಠಿ ಗೆಳತಿಗೂ ಹೇಳಿಟ್ಟಿದ್ದಾಳೆ.