ಕೊನೆಯ ರೌಂಡಿನಲ್ಲಿ ದಮ್ಮು ಕಳೆಯುವುದು ಲ್ಯಾಕ್ಟಿಕ್ ಆಮ್ಲದಿಂದಲೇ?

ಬಾಕ್ಸಿಂಗ್ ಪಂದ್ಯದ ಕೊನೆಯ ರೌಂಡುಗಳ ವಿಡಿಯೊ ನೀವೂ ನೋಡಿರುತ್ತೀರಿ. ಮೊದಲ ರೌಂಡಿನಲ್ಲಿ ಚಿಗರೆಯಂತೆ ಜಿಗಿಯುತ್ತಿದ್ದವನಿಗೆ ಈಗ ಕೈ ಎತ್ತಲೂ ಆಗುವುದಿಲ್ಲ. ಬಾಯಿ ತೆರೆದುಕೊಂಡು ಎದುರಾಳಿಯ ಹೆಗಲಿಗೇ ಜೋತುಬೀಳುತ್ತಾನೆ. ಇದಕ್ಕೆ ವಾಟ್ಸ್ಆ್ಯಪ್‌ ಕೊಡುವ ಉತ್ತರ ಸರಳ: ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲವೆಂಬ ವಿಷ ತುಂಬಿದೆ, ನಿಂಬೆ-ಬೆಲ್ಲದ ನೀರು ಕುಡಿದರೆ ಅದು ಕರಗಿ ದಮ್ಮು ವಾಪಸ್ ಬರುತ್ತದೆ.

ಇದು ತಪ್ಪು. ಜೋರಾಗಿ ದುಡಿಯುವ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ನಿಜ, ಆದರೆ ಅದು ವಿಷವಲ್ಲ. ಹೃದಯ ಮತ್ತು ಇತರ ಸ್ನಾಯುಗಳು ಅದನ್ನೇ ಇಂಧನವಾಗಿ ಉರಿಸುತ್ತವೆ. ಪಂದ್ಯ ಮುಗಿದ ಗಂಟೆ ಎರಡು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಮಾಮೂಲಿಗೆ ಬಂದಿರುತ್ತದೆ. ಮರುದಿನದ ಮೈಕೈ ನೋವಿಗೂ ಅದು ಕಾರಣವಲ್ಲ. ಆ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣ ಸಣ್ಣ ಗಾಯಗಳದು.

ಹಾಗಾದರೆ ದಮ್ಮು ಎಲ್ಲಿ ಹೋಗುತ್ತದೆ?

ಒಂದು ಬಲವಾದ ಗುದ್ದಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟಿರುವ ಕ್ರಿಯೇಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಪೂರ್ತಿ ರಭಸದಲ್ಲಿ ಬಳಸಿದರೆ ಅದು ಸುಮಾರು 10 ಸೆಕೆಂಡಿನಲ್ಲಿ ಖಾಲಿ. ಮತ್ತೆ ತುಂಬಿಕೊಳ್ಳಲು ಆಮ್ಲಜನಕ ಬೇಕು. ಚಾಂಪಿಯನ್‌ಶಿಪ್ ಪಂದ್ಯವೆಂದರೆ ತಲಾ 3 ನಿಮಿಷದ 12 ರೌಂಡು, ನಡುವೆ ಒಂದೊಂದು ನಿಮಿಷ ವಿಶ್ರಾಂತಿ. ಅಂದರೆ 36 ನಿಮಿಷದ ಕಾದಾಟ. ಆ ಒಂದು ನಿಮಿಷದಲ್ಲಿ ಹೃದಯ, ಶ್ವಾಸಕೋಶಗಳು ಎಷ್ಟು ತುಂಬಿಕೊಡುತ್ತವೋ ಅಷ್ಟೇ ಮುಂದಿನ ರೌಂಡಿನ ಬಂಡವಾಳ. ಗುದ್ದುವುದು ತೋಳಾದರೂ, ಹತ್ತನೇ ರೌಂಡಿನಲ್ಲಿ ಆ ತೋಳನ್ನು ಎತ್ತಿಸುವುದು ಉಸಿರು.

1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ನಡೆದದ್ದು ಇದೇ. ಫ್ರೇಜಿಯರ್, ನಾರ್ಟನ್ ಇಬ್ಬರನ್ನೂ ಎರಡನೇ ರೌಂಡಿನಲ್ಲೇ ಮುಗಿಸಿದ್ದ ಜಾರ್ಜ್ ಫೋರ್‌ಮನ್‌ಗೆ ಹಗ್ಗಕ್ಕೆ ಒರಗಿ ನಿಂತ ಮುಹಮ್ಮದ್ ಅಲಿ ಗುದ್ದಲು ಬಿಟ್ಟರು. ಫೋರ್‌ಮನ್‌ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿದರು. ಎಂಟನೇ ರೌಂಡಿನಲ್ಲಿ 32 ವರ್ಷದ ಅಲಿ 25ರ ಫೋರ್‌ಮನ್‌ರನ್ನು ನೆಲಕ್ಕೆ ಕೆಡವಿದರು. ಅಲಿ ಗೆದ್ದದ್ದು ತಾಕತ್ತಿನಿಂದ ಎನ್ನುವುದಕ್ಕಿಂತ ಲೆಕ್ಕಾಚಾರದಿಂದ ಎನ್ನಬೇಕು.

ನಮ್ಮ ಧಾರವಾಡದ ಕಡೆ ಬಾಕ್ಸಿಂಗ್‌ಗಿಂತ ಕುಸ್ತಿಗೇ ಜನ ಸೇರುತ್ತಾರೆ. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆದದ್ದೂ ಧಾರವಾಡದಲ್ಲೇ. ಮ್ಯಾಟ್ ಮೇಲಿನ ಕುಸ್ತಿ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು. ಜಾತ್ರೆಯ ಮಣ್ಣಿನ ಕಣದಲ್ಲಿ ನಡೆಯುವ ನಿಕಾಲಿ ಕುಸ್ತಿಯಾದರೋ ಒಬ್ಬ ಚಿತ್ ಆಗುವವರೆಗೆ. ಅಲ್ಲಿ ಹಳೆಯ ಪೈಲ್ವಾನರು ಮೊದಲು ಸುಮ್ಮನೆ ಹಿಡಿದು ತೂಗಾಡಿಸುತ್ತ ಎದುರಾಳಿಯನ್ನು ದಣಿಸುವುದನ್ನು ನೋಡಿ ‘ಏ, ಹಿಡಿಯೋ!’ ಎಂದು ಕೂಗುವವರಿಗೆ ಗೊತ್ತಿರಲಿ, ಅದೂ ಅಲಿಯದೇ ಲೆಕ್ಕ. ಗರಡಿಮನೆಯ ನೂರಾರು ದಂಡ, ಬಸ್ಕಿ, ಕೆಂಪು ಮಣ್ಣು ಅಗೆಯುವುದು, ಬೆಳಗಿನ ಜಾವ ನೃಪತುಂಗ ಬೆಟ್ಟದ ಏರು ಹತ್ತುವುದು, ಇವೆಲ್ಲ ಕೊನೆಯ ನಿಮಿಷಗಳಿಗಾಗಿ ಮಾಡುವ ಉಳಿತಾಯ. ಇದಕ್ಕೆ ತಿಂಗಳುಗಳೇ ಬೇಕು. ಪಂದ್ಯದ ದಿನ ಕುಡಿಯುವ ಒಂದು ಲೋಟ ಬೆಲ್ಲದ ನೀರು ತುಸು ಸಕ್ಕರೆ ಮತ್ತು ನೀರು ಕೊಡುತ್ತದೆ. ಕುಡಿಯಲು ಅಡ್ಡಿಯಿಲ್ಲ, ಆದರೆ ಇಲ್ಲದ ದಮ್ಮನ್ನು ಅದು ತಂದುಕೊಡದು.

ನೀರು ಬಿಟ್ಟರೆ ಏನಾಗುತ್ತದೆ?

ಅಪಾಯಕಾರಿ ಫಾರ್ವರ್ಡ್ ಎಂದರೆ ಇನ್ನೊಂದು: ತೂಕ ಹೊಂದಿಸಲು ಎರಡು ದಿನ ನೀರು ಬಿಡಿ, ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡಿ, ಕೆಳಗಿನ ತೂಕದವರನ್ನು ಸುಲಭವಾಗಿ ಸೋಲಿಸಿ. ಮೈಯ ತೂಕದಲ್ಲಿ ಶೇ 2ರಷ್ಟು ನೀರು ಕಳೆದರೇ, ಅಂದರೆ 60 ಕೆ.ಜಿ.ಯವನಿಗೆ 1.2 ಕೆ.ಜಿ., ದಮ್ಮು ಕುಗ್ಗತೊಡಗುತ್ತದೆ. ರಕ್ತದ ಪ್ರಮಾಣ ಇಳಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಮೈ ಬಿಸಿ ಏರುತ್ತದೆ. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿಯೇ ಸತ್ತರು. ಆ ಬಳಿಕ ಅಲ್ಲಿನ ಕಾಲೇಜು ಕುಸ್ತಿಯ ನಿಯಮಗಳೇ ಬದಲಾದವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಬೆವರು ಹರಿಸಿಯೂ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ಸುತ್ತ ವೈದ್ಯರಿದ್ದರು. ಊರಿನ ಜಾತ್ರೆಯ ಕುಸ್ತಿಗೆ ಹೊರಟ 17ರ ಹುಡುಗನ ಸುತ್ತ ಯಾರಿರುತ್ತಾರೆ?

ದಣಿದವನ ಕೈ ಕೆಳಗಿಳಿದಾಗ ತಲೆಗೆ ಕಾವಲು ಇರುವುದಿಲ್ಲ. ಚಾಂಪಿಯನ್‌ಶಿಪ್ ಪಂದ್ಯಗಳು ಮೊದಲು 15 ರೌಂಡು ಇದ್ದವು. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ಮಿದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ಬಾಕ್ಸಿಂಗ್ ಸಂಸ್ಥೆಗಳು ಒಂದೊಂದಾಗಿ 12ಕ್ಕೆ ಇಳಿಸಿದವು. ಅದಕ್ಕೂ ಮೊದಲು, 1975ರಲ್ಲಿ ಮನಿಲಾದಲ್ಲಿ, 14ನೇ ರೌಂಡ್ ಮುಗಿದಾಗ ಕಣ್ಣು ಊದಿ ಮುಚ್ಚಿಹೋಗಿದ್ದ ಫ್ರೇಜಿಯರ್ ಇನ್ನೂ ಆಡುತ್ತೇನೆಂದರೂ ಕೋಚ್ ಎಡ್ಡಿ ಫಚ್ ಬಿಡಲಿಲ್ಲ. ಪಂದ್ಯ ಹೋಯಿತು, ಶಿಷ್ಯ ಉಳಿದ.

ನಿಮ್ಮ ಮನೆಯ ಹುಡುಗ ಬಾಕ್ಸಿಂಗ್ ಅಥವಾ ಕುಸ್ತಿ ಕಲಿಯುತ್ತಿದ್ದರೆ ಇದನ್ನು ಗಮನಿಸಿ. ಅಭ್ಯಾಸದ ನಡುವೆ ಮಾತು ತಡವರಿಸಿದರೆ, ಎಲ್ಲಿದ್ದೇನೆಂದು ತಿಳಿಯದಂತೆ ನೋಡಿದರೆ, ಮೈ ಕಾದ ಹಂಚಿನಂತಿದ್ದರೆ ಅದು ಸುಸ್ತಲ್ಲ, ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು, ಆಸ್ಪತ್ರೆಗೆ ಒಯ್ಯಿರಿ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು ಏರುತ್ತ ಹೋದರೆ, ವಾಂತಿಯಾದರೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಎಳೆದರೆ, ಮಲಗಿ ಏಳಲಿ ಎಂದು ಬೆಳಗಿನವರೆಗೆ ಕಾಯಬೇಡಿ.